ಕಪ್ಪು ಬಟ್ಟೆಯ ಚೂರು

ತೇಯಾವೊ ಊರಿನಲ್ಲಿ ಸಾಂತಾ ಅಬೇಜಳನ್ನು ಎಲ್ಲರೂ ಡಾಕ್ಟ್ರಮ್ಮ ಎಂದೇ ಕರೆಯುವುದು. ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಸರ್ಕಾರದ ಪಟ್ಟಿಯಲ್ಲಿ ಅವಳು ಬರೀ ಸಹಾಯಕಿ, ಅದೂ ಇಪ್ಪತ್ತಾರು ವರ್ಷಗಳಿಂದ. ಆರೋಗ್ಯ ಕೇಂದ್ರದ ಕಸ ಗುಡಿಸುವವಳೂ ಅವಳೇ, ಹೆರಿಗೆ ಮಾಡಿಸುವವಳೂ ಅವಳೇ. ನರ್ಸ್ ಅನ್ನಿಸಿಕೊಂಡವರು ವರ್ಷಕ್ಕೊಬ್ಬರಂತೆ ಬಂದು, ಪಟ್ಟಣದ ದಾರಿ ನೋಡುತ್ತಾ ನಾಲ್ಕು ತಿಂಗಳು ಕೂತು, ಎದ್ದು ಹೋಗುತ್ತಿದ್ದರು. ಹೋಗುವಾಗ ಪ್ರತಿಯೊಬ್ಬರೂ ಅವಳ ಬೆನ್ನು ತಟ್ಟಿ ಹೋಗುತ್ತಿದ್ದರು. ಬೆನ್ನು ತಟ್ಟುವುದಕ್ಕೆ ಯಾರಪ್ಪನ ಗಂಟೂ ಹೋಗುವುದಿಲ್ಲವಲ್ಲ.

ಅವಳು ಕಲಿತದ್ದು ಕಾಡು ಸೇರಿದ ಬಂಡುಕೋರರು ಬಂದೂಕು ಹಿಡಿದು ಊರೂರು ಸುಡುತ್ತಿದ್ದ ಕಾಲದಲ್ಲಿ, ನಿರಾಶ್ರಿತರ ಶಿಬಿರದಲ್ಲಿ. ಒಬ್ಬ ಉದ್ದನೆಯ ಬಿಳಿಯ ಡಾಕ್ಟರು ಮೂರೇ ವಾರ ಕಲಿಸಿದ್ದ. ಲಾರಿಯಲ್ಲಿ ಗಾಯಾಳುಗಳನ್ನು ಮರದ ದಿಮ್ಮಿಗಳಂತೆ ತಂದು ಸುರಿಯುತ್ತಿದ್ದ ದಿನಗಳು ಅವು. ಮುರಿದ ತೊಡೆಗೆ ದಬ್ಬೆ ಕಟ್ಟುವುದು, ಕರುಳು ಹೊರಬಂದ ಹೊಟ್ಟೆಗೆ ಒದ್ದೆ ಬಟ್ಟೆ ಮುಚ್ಚಿ ಒಳಗೆ ತುರುಕದೆ ಬಿಡುವುದು, ಇವೆಲ್ಲ ಆಮೇಲಿನ ಪಾಠ. ಮೊದಲ ಪಾಠ ನಾಲ್ಕು ಬಣ್ಣದ ಬಟ್ಟೆ ಚೂರುಗಳದು. ನಡೆಯಬಲ್ಲವರ ಮಣಿಕಟ್ಟಿಗೆ ಹಸಿರು. ಕಾಯಬಲ್ಲವರಿಗೆ ಹಳದಿ. ಈಗಲೇ ನೋಡಬೇಕಾದವರಿಗೆ ಕೆಂಪು. ಉಸಿರಿಲ್ಲದವರಿಗೆ ಕಪ್ಪು, ಕಟ್ಟಿದ ಮೇಲೆ ಹಿಂದಿರುಗಿ ನೋಡಬಾರದು. ಸಾಂತಾ ತನ್ನ ಹಳೆಯ ಲಂಗಗಳನ್ನೇ ಹರಿದು ಚೂರು ಮಾಡಿಟ್ಟುಕೊಂಡಳು.

"ಅಳೋ ಮಗೂಗೆ ಹಾಲು ಅನ್ನೋದು ನಿಮ್ಮನೇಲಿ. ನನ್ ಹತ್ರ ಅಳೋರು ಕಾಯ್ಬೇಕು. ಅಳೋಕೆ ಉಸಿರಿದೆ ಅಂದ್ರೆ ಬದುಕೋಕೂ ಇದೆ" ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಒಂದು ದಿನ ಲಾರಿಯಿಂದ ಇಳಿಸಿದವರಲ್ಲಿ ಅವಳ ಸ್ವಂತ ತಮ್ಮನೂ ಇದ್ದ. ಮೂಗಿನ ಬಳಿ ಕೈ ಹಿಡಿದಳು, ನಾಡಿ ನೋಡಿದಳು, ರೆಪ್ಪೆ ಎತ್ತಿ ನೋಡಿದಳು. ಕಪ್ಪು ಕಟ್ಟಿ, ಪಕ್ಕದಲ್ಲಿ ರಕ್ತ ಸುರಿಸುತ್ತಿದ್ದ ಯಾರೋ ಅಪರಿಚಿತನ ಕಡೆ ಹೊರಳಿದಳು. ಆ ಅಪರಿಚಿತ ಬದುಕಿದ. ಅಂದಿನಿಂದ ಅವಳ ಮಾತಿಗೆ ಎದುರಾಡಿದವರಿಲ್ಲ, ಆ ಬಣ್ಣದ ಲೆಕ್ಕದ ಮೇಲೆ ಅವಳಿಗೂ ಅನುಮಾನ ಬರಲಿಲ್ಲ.

ಎದುರಾಡುತ್ತಿದ್ದವಳು ಒಬ್ಬಳೇ, ಮೂಳೆ ಕೂರಿಸುವ ಅತಾಲ ಅಜ್ಜಿ. ನಲವತ್ತು ವರ್ಷದಿಂದ ಸುತ್ತಲಿನ ಹತ್ತು ಊರಿನ ಮುರಿದ ಮೂಳೆಗಳೆಲ್ಲ ಅವಳ ಅಂಗಳಕ್ಕೇ ಬರುತ್ತಿದ್ದವು. ಕಣ್ಣು ಮುಚ್ಚಿ, ಶಿಯಾ ಮರದ ಬೀಜದ ಬೆಣ್ಣೆ ಸವರಿದ ಬೆರಳುಗಳನ್ನು ಊದಿದ ಜಾಗದ ಮೇಲೆ ಇಟ್ಟರೆ ಒಳಗೆ ಎಲ್ಲಿ ಬಿರುಕು, ಎಲ್ಲಿ ಚೂರು ಎಂದು ಹೇಳುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾಗಿ, ಅವಳು ದಬ್ಬೆ ಬಿಗಿಯಾಗಿ ಕಟ್ಟುತ್ತಿರಲಿಲ್ಲ. ಕಟ್ಟಿದ ಮೇಲೆ ಬೆರಳ ತುದಿ ಒತ್ತಿ, ಮತ್ತೆ ಕೆಂಪೇರುವುದನ್ನು ನೋಡಿಯೇ ಕಳಿಸುತ್ತಿದ್ದಳು.

"ನಿನ್ ಡಾಕ್ಟ್ರಿಗೆ ಮೂಳೆ ಫೋಟೊ ಬೇಕು, ನಂಗೆ ಕೈ ಸಾಕು ಕಣೇ" ಎಂದು ಅಜ್ಜಿ ಛೇಡಿಸುವಳು.

"ನಿನ್ ಕೈ ಹೊಟ್ಟೆ ಒಳಗೂ ನೋಡುತ್ತಾ?" ಎಂದು ಸಾಂತಾ ತಿರುಗಿಸುವಳು.

ತಮಾಷೆಗೆ ಆಡಿದ ಮಾತು ನಿಜವಾಯಿತು. ಎಂಗೋಲ ಎಂಬ ಹುಡುಗ ಮಾವಿನ ಮರದಿಂದ ಬಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಎಡಭುಜ ನೋಯುತ್ತದೆ ಎಂದು ಅಳುತ್ತಿದ್ದವನನ್ನು ಅಜ್ಜಿಯ ಬಳಿ ಒಯ್ದರು. ಅವಳು ಭುಜ ಮುಟ್ಟಿ, ಮೂಳೆ ಸರಿಯಿದೆ ಎಂದಳು. ಸರಿಯೇ ಇತ್ತು. ಹೊಟ್ಟೆ ಗಟ್ಟಿಯಾಗಿದೆ, ಹೆದರಿ ಗಾಳಿ ಕಟ್ಟಿಕೊಂಡಿದೆ ಎಂದು ಬೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದಳು. ಒಳಗೆ ಎಡಪಕ್ಕೆಯಡಿಯ ಗುಲ್ಮ ಒಡೆದು ಹೊಟ್ಟೆಯಲ್ಲಿ ರಕ್ತ ತುಂಬುತ್ತಿತ್ತು. ಭುಜದ ನೋವು ಅಲ್ಲಿಂದ ಬಂದದ್ದು. ಸಾಂತಾಳ ಬಳಿಗೆ ತರುವಷ್ಟರಲ್ಲಿ ಹುಡುಗನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ದೊಡ್ಡಾಸ್ಪತ್ರೆಯ ದಾರಿಯಲ್ಲಿ ಮೋಟಾರುಬೈಕಿನ ಮೇಲೆಯೇ ಪ್ರಾಣ ಬಿಟ್ಟ.

ಸಾಂತಾ ಊರ ಸಭೆಯಲ್ಲಿ ಎದ್ದು ನಿಂತು, ಬಿದ್ದವರ ಹೊಟ್ಟೆಯನ್ನು ಇನ್ನು ಮುಂದೆ ಯಾರೂ ತಿಕ್ಕಕೂಡದು ಎಂದಳು. ಅತಾಲ ತಲೆ ತಗ್ಗಿಸಿ ಒಪ್ಪಿದಳು, ಆಮೇಲೆ ಮೂಳೆಯ ಹೊರತು ಬೇರೇನನ್ನೂ ಮುಟ್ಟಲಿಲ್ಲ. ಸಾಂತಾ ಅಲ್ಲಿಗೇ ಬಿಡಬಹುದಿತ್ತು. ಆದರೆ ಗೆದ್ದವರಿಗೆ ಗೆದ್ದದ್ದನ್ನು ಮತ್ತೆ ಮತ್ತೆ ನೆನೆಯುವ ಚಪಲ ಇರುತ್ತದೆ, ಅವಳಿಗೂ ಇತ್ತು.

ಆಮೇಲೆ ಸಿಡಿಲಿನ ದಿನ ಬಂತು. ಮಧ್ಯಾಹ್ನ, ಶಾಲೆಯಲ್ಲಿ ಗಂಜಿ ಹಂಚುವ ಹೊತ್ತು. ತಗಡಿನ ಸೂರಿನ ಮೇಲೆ ಸಿಡಿಲು ಬಡಿದು ಗೋಡೆಯ ಒಂದು ಮಗ್ಗುಲು ಕುಸಿಯಿತು. ಸಾಂತಾ ಚೀಲ ಹೆಗಲಿಗೇರಿಸಿ ಓಡಿದಳು. ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು, ಆದರೆ ಯಾರೂ ಹತ್ತಿರ ಹೋಗಿರಲಿಲ್ಲ. ಊರ ಕಟ್ಟಳೆಯಂತೆ, ಸಿಡಿಲು ಮುಟ್ಟಿದವರನ್ನು ಮಳೆ-ಸಿಡಿಲಿನ ಶಾಂತಿ ಮಾಡುವ ಯಜಮಾನ ಬಂದು ನೀರು ಎರಚುವವರೆಗೆ ಮುಟ್ಟುವಂತಿಲ್ಲ, ಸತ್ತರೆ ಅಳುವಂತಿಲ್ಲ. ಅತ್ತರೆ ಅದೇ ಅಂಗಳಕ್ಕೆ ಸಿಡಿಲು ಮತ್ತೆ ಬರುತ್ತದೆ. ಯಜಮಾನ ಎಬೋಂಗ್ ಮೂರು ಮೈಲಿ ಆಚೆ ಯಾವುದೋ ಮದುವೆಯ ಮಾತುಕತೆಯಲ್ಲಿ ಹೆಂಡ ಹೀರುತ್ತಾ ಕೂತಿದ್ದ.

"ಮುಟ್ಬೇಡ ಡಾಕ್ಟ್ರಮ್ಮ, ನಿಂಗೂ ಬಡಿಯುತ್ತೆ!" ಎಂದು ಕೂಗಿದರು.

"ಬಡೀಲಿ, ನಿಮ್ಮಂಥೋರನ್ನ ನೋಡೋದು ತಪ್ಪುತ್ತೆ" ಎಂದು ಅವಳು ನುಗ್ಗಿದಳು.

ಹನ್ನೊಂದು ಮಕ್ಕಳು ಬಿದ್ದಿದ್ದರು. ಸುಟ್ಟ ಗಾಯದವರು ಕಿರುಚುತ್ತಿದ್ದರು. ಹಳದಿ ಕಟ್ಟಿದಳು. ಒಬ್ಬ ಹುಡುಗನ ತೊಡೆಯ ಮೂಳೆ ಚರ್ಮ ಹರಿದು ಹೊರಬಂದಿತ್ತು. ಕೆಂಪು. ಒಬ್ಬ ಹುಡುಗಿಯ ಹೊಟ್ಟೆಯ ಮೇಲೆ ತೊಲೆ ಬಿದ್ದಿತ್ತು, ಮುಖ ಬಿಳಚಿಕೊಂಡಿತ್ತು. ಕೆಂಪು. ಗೋಡೆಯ ಪಕ್ಕದಲ್ಲಿ ಮೈಮೇಲೆ ಒಂದು ಗುರುತೂ ಇಲ್ಲದೆ ಒಂಬತ್ತು ವರ್ಷದ ಅಯುಗಿ ಮಲಗಿದ್ದಳು. ಅವಳ ಪಕ್ಕ ಒಬ್ಬಳೇ ಒಬ್ಬಳು ಕೂತಿದ್ದಳು, ಅವಳ ಅಜ್ಜಿ ಅತಾಲ. ಆ ಮುದುಕಿಗೆ ಇದ್ದದ್ದು ಆ ಮೊಮ್ಮಗಳೊಬ್ಬಳೇ. ಕಟ್ಟಳೆ ಮುರಿದು ಮಗುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು.

"ಬಾರೇ ಸಾಂತಾ, ಬೇಗ ಬಾ! ಎದೆ ಬಡೀತಾ ಇದೆ ಕಣೇ, ಉಸಿರೊಂದು ಬರ್ತಿಲ್ಲ!"

ಸಾಂತಾ ಮೊಣಕಾಲೂರಿದಳು. ಮೂಗಿಗೆ ಕೈ ಹಿಡಿದಳು, ಉಸಿರಿಲ್ಲ. ಮಣಿಕಟ್ಟು ಹಿಡಿದಳು, ನಾಡಿಯಿಲ್ಲ. ಕೈಕಾಲು ತಣ್ಣಗೆ, ನೀಲಿ ಕಲೆಗಟ್ಟಿದ್ದವು. ರೆಪ್ಪೆ ಎತ್ತಿದರೆ ಪಾಪೆ ಅಗಲವಾಗಿ ತೆರೆದೇ ಇತ್ತು. ತಮ್ಮನಿಗೆ ನೋಡಿದ್ದೂ ಇಷ್ಟೇ.

"ಬಡೀತಿರೋದು ನಿನ್ ಕೈ ಕಣಜ್ಜಿ. ನಡುಗ್ತಾ ಇದೆ."

"ನನ್ ಕೈ ನಡುಗಲ್ಲ. ನಲವತ್ತು ವರ್ಷ ಇದೇ ಕೈಲಿ..."

"ಇದೇ ಕೈಲಿ ಎಂಗೋಲನ ಹೊಟ್ಟೆನೂ ತಿಕ್ಕಿದ್ದೆ" ಎಂದಳು ಸಾಂತಾ.

ಅಜ್ಜಿ ಮಗುವಿನ ಎದೆಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಮಡಿಲಿಗೆ ಹಾಕಿಕೊಂಡಳು. ಸಾಂತಾ ಮಗುವಿನ ಮಣಿಕಟ್ಟಿಗೆ ಕಪ್ಪು ಚೂರು ಕಟ್ಟಿ ತೊಡೆ ಮುರಿದ ಹುಡುಗನ ಕಡೆ ಓಡಿದಳು. ಹಿಂದಿರುಗಿ ನೋಡಲಿಲ್ಲ.

ಆ ಹುಡುಗನೂ ಬದುಕಿದ, ಹೊಟ್ಟೆಗೆ ಪೆಟ್ಟು ಬಿದ್ದ ಹುಡುಗಿಯೂ ಬದುಕಿದಳು. ಬಾಗಿಲ ಹಲಗೆಯ ಮೇಲೆ ಮಲಗಿಸಿ, ಒಂದು ಗುಟುಕು ನೀರೂ ಕೊಡದೆ, ಅಲುಗಿಸದೆ ಕಳಿಸಿದ್ದಕ್ಕೆ ಉಳಿದಳು ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದರು. ಜಿಲ್ಲೆಯ ಅಧಿಕಾರಿಯೊಬ್ಬ ಬಂದು ಸಾಂತಾಳ ಕೈ ಕುಲುಕಿ ಫೋಟೊ ತೆಗೆಸಿಕೊಂಡು ಹೋದ. ಅಯುಗಿಯನ್ನು ಕಟ್ಟಳೆಯ ಪ್ರಕಾರ ಹೊಳೆಯ ಬದಿಯ ತೇವದಲ್ಲಿ ಹೂತರು. ಯಾರೂ ಅಳಲಿಲ್ಲ. ಅತಾಲಳೂ ಅಳಲಿಲ್ಲ.

ಅತಾಲ ಮೂಳೆ ಕೂರಿಸುವುದನ್ನು ಬಿಟ್ಟಳು. ಕೈ ಮುರಿದುಕೊಂಡು ಬಂದವರಿಗೆ, "ಹೋಗ್ರಪ್ಪ, ಈ ಕೈ ಸುಳ್ಳು ಹೇಳುತ್ತೆ" ಎನ್ನುತ್ತಿದ್ದಳು. ದೊಡ್ಡಾಸ್ಪತ್ರೆ ದೂರ, ಅಲ್ಲಿ ಸರದಿ ಇನ್ನೂ ದೂರ. ಜನ ಏಳು ಮೈಲಿ ಆಚೆಯ ಇನ್ನೊಬ್ಬ ಮೂಳೆಯವನ ಹತ್ತಿರ ಹೋಗತೊಡಗಿದರು. ಅವನು ಬಿದಿರ ಸೀಳು ಇಟ್ಟು ಹೊರೆ ಬಿಗಿದಂತೆ ಬಿಗಿಯುತ್ತಿದ್ದ. ಬೆರಳು ಕಪ್ಪಾಗಿ ಕೊಳೆತ ಮೇಲೆ ಇಬ್ಬರು ಮಕ್ಕಳನ್ನು ಸಾಂತಾಳ ಬಳಿ ತಂದರು. ದೊಡ್ಡಾಸ್ಪತ್ರೆಯಲ್ಲಿ ಇಬ್ಬರ ಕೈಯನ್ನೂ ಮೊಣಕೈಯವರೆಗೆ ಕತ್ತರಿಸಬೇಕಾಯಿತು. ಆಗಲೂ ಸಾಂತಾ ಬೈದದ್ದು ಆ ಮೂಳೆಯವನನ್ನೇ.

ನಾಲ್ಕು ವರ್ಷದ ಮೇಲೆ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಸಹಾಯಕಿಯರ ನೆನಪಾಯಿತು. ಜಿಲ್ಲಾ ಕೇಂದ್ರದಲ್ಲಿ ಐದು ದಿನದ ತರಬೇತಿ, ಕೊನೆಯಲ್ಲಿ ಮುದ್ರೆ ಒತ್ತಿದ ಪತ್ರ. ಸಾಂತಾ ಮದುವೆಗೆ ಉಡುವ ಬಟ್ಟೆ ಉಟ್ಟು ಹೋದಳು. ಪಾಠ ಹೇಳಿದವಳು ಅವಳ ಮಗಳ ವಯಸ್ಸಿನ ಡಾಕ್ಟರು. ಮೂಳೆ, ಹೊಟ್ಟೆ ಎರಡೂ ಮುಗಿದವು. ಸಾಂತಾ ಎಲ್ಲದಕ್ಕೂ ಮೊದಲು ಕೈ ಎತ್ತಿದಳು. ನಾಲ್ಕನೆಯ ದಿನ ಬಿಸಿಲು, ನೀರು, ಹಾವು, ಸಿಡಿಲು.

"ಸಿಡಿಲು ಬಡಿದಾಗ ನಿಮ್ಮ ಬಣ್ಣದ ಲೆಕ್ಕ ತಲೆಕೆಳಗು. ಕಿರುಚೋರು ಹೆಚ್ಚಾಗಿ ಉಳ್ಕೋತಾರೆ. ಸತ್ತ ಹಾಗೆ ಬಿದ್ದೋರ ಹತ್ರ ಮೊದಲು ಓಡಿ. ನಿಂತ ಎದೆ ಎಷ್ಟೋ ಸಲ ತಾನೇ ಮತ್ತೆ ಬಡಿಯೋಕೆ ಶುರು ಮಾಡುತ್ತೆ, ಉಸಿರು ಮಾತ್ರ ಮರೆತಿರುತ್ತೆ. ಬಾಯಿಗೆ ಬಾಯಿ ಇಟ್ಟು ಊದ್ತಾ ಇದ್ರೆ ತುಂಬಾ ಜನ ಎದ್ದು ಕೂತ್ಕೋತಾರೆ."

ಸಾಂತಾ ಕೈ ಎತ್ತಿದಳು. "ಕಣ್ಣಿನ ಪಾಪೆ ಅಗಲ ಆಗಿದ್ರೆ?"

"ಸಿಡಿಲಿನವ್ರಲ್ಲಿ ಪಾಪೆ ನೋಡಿ ಸತ್ರು ಅನ್ಬೇಡಿ."

"ಮಣಿಕಟ್ಟಲ್ಲಿ ನಾಡಿ ಸಿಗದಿದ್ರೆ? ಕೈಕಾಲು ನೀಲಿ ಆಗಿದ್ರೆ?"

"ರಕ್ತನಾಳ ಮುದುಡಿರುತ್ತೆ ಅಮ್ಮ. ಕುತ್ತಿಗೇಲಿ ನಾಡಿ ನೋಡಿ, ಎದೆ ಮೇಲೆ ಕೈ ಇಟ್ಟು ನೋಡಿ. ಯಾಕೆ, ಅಂಥದ್ದು ನೋಡಿದೀರಾ?"

"ಇಲ್ಲ" ಎಂದಳು ಸಾಂತಾ. ಅಂದು ಊಟಕ್ಕೆ ಕೋಳಿ ಸಾರಿತ್ತು, ಅವಳು ತನ್ನ ತಟ್ಟೆಯನ್ನು ಪಕ್ಕದವಳ ಕಡೆ ಸರಿಸಿದಳು. ಅವಳಿಗೆ ಎರಡೇ ಕೈ ಇದ್ದವು, ಕೆಂಪು ಕಟ್ಟಿದ ಇಬ್ಬರು ಮಕ್ಕಳಿದ್ದರು, ಅದು ನಿಜ. ಆದರೆ ಊದುವುದಕ್ಕೆ ಅವಳೇ ಆಗಬೇಕಿರಲಿಲ್ಲ. ಅಜ್ಜಿ ಅಲ್ಲೇ ಕೂತಿದ್ದಳು. ಹೆರಿಗೆಯಲ್ಲಿ ಉಸಿರು ಬಾರದ ಕೂಸಿಗೆ ತಾನು ಊದುವಂತೆಯೇ, ಮೂಗು ಹಿಡಿದು ಬಾಯಿಗೆ ಊದು ಅಂದಿದ್ದರೆ ಸಾಕಿತ್ತು. ಅಷ್ಟು ಹೇಳುವ ಹೊತ್ತಿನಲ್ಲಿ ಅವಳು ಎಂಗೋಲನ ಹೆಸರು ಎತ್ತಿದ್ದಳು. ಐದನೆಯ ದಿನ ಜನ್ಮದಲ್ಲಿ ಮೊದಲ ಸಲ ಅವಳ ಹೆಸರು ಬರೆದ ಪತ್ರ ಕೈಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಸ್ಸಿಳಿದವಳು ಮನೆಗೆ ಹೋಗದೆ ನೇರ ಅತಾಲಳ ಅಂಗಳಕ್ಕೆ ಹೋದಳು. ಅಜ್ಜಿ ನೆಲಗಡಲೆ ಸುಲಿಯುತ್ತಾ ಕೂತಿದ್ದಳು.

"ಏನೇ, ಮದುವಣಗಿತ್ತಿ ಹಾಗೆ ಬಂದಿದೀಯ? ಕಾಗದ ಕೊಟ್ರಾ?"

"ಕೊಟ್ರು." ಸಾಂತಾ ನೆಲದ ಮೇಲೆ ಕೂತಳು. ಸುತ್ತಿ ಬಳಸಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಅಜ್ಜಿ, ಆವತ್ತು ಅಯುಗಿ ಎದೆ ಬಡೀತಿತ್ತು. ನೀನು ಹೇಳಿದ್ದೇ ಸರಿ. ನಾನು ತಪ್ಪು ನೋಡ್ದೆ. ಬಾಯಿಗೆ ಊದಿದ್ರೆ ಬದುಕ್ತಿದ್ಲೋ ಏನೋ."

ಅಜ್ಜಿಯ ಬೆರಳುಗಳು ಇನ್ನೂ ನಾಲ್ಕು ಕಾಯಿ ಸುಲಿದವು. ಆಮೇಲೆ ನಿಂತವು.

"ಎಷ್ಟ್ ಹೊತ್ತು ಊದ್ಬೇಕಿತ್ತು?"

"ಉಸಿರು ಬರೋ ತನಕ. ಕೆಲವ್ರಿಗೆ ಹತ್ತು ನಿಮಿಷ, ಕೆಲವ್ರಿಗೆ ಅರ್ಧ ಗಂಟೆ. ಕೆಲವ್ರಿಗೆ ಬರೋದೇ ಇಲ್ಲ."

"ನಾನು ಸಂಜೆ ತನಕ ಊದ್ತಿದ್ದೆ" ಎಂದಳು ಅತಾಲ. "ಮಾರನೇ ದಿನ ತನಕ ಊದ್ತಿದ್ದೆ."

ಸಾಂತಾ ತಲೆಯಾಡಿಸಿದಳು. ಬೈಯಲಿ, ಉಗಿಯಲಿ ಎಂದು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಇದನ್ನ ಈಗ ಯಾಕೆ ಹೇಳ್ದೆ?"

"ನಿನ್ ಕೈ ಸುಳ್ಳು ಹೇಳಿರಲಿಲ್ಲ ಅಂತ ನಿಂಗೆ ಗೊತ್ತಾಗ್ಲಿ ಅಂತ. ನೀನು ಮತ್ತೆ ಮೂಳೆ ನೋಡ್ಲಿ ಅಂತ. ಮಕ್ಕಳು ಕೈ ಕಳ್ಕೋತಿದಾರೆ ಅಜ್ಜಿ."

"ಕೈ ಸುಳ್ಳು ಅಂತ ನಂಬ್ಕೊಂಡೇ ಈ ನಾಲ್ಕು ವರ್ಷ ಅನ್ನ ತಿಂದೆ ಕಣೇ" ಎಂದಳು ಅತಾಲ. ದನಿ ಏರಲಿಲ್ಲ. "ಮುದುಕಿ ಕೈ, ನಡುಗ್ತು, ಮಗು ಆಗ್ಲೇ ಹೋಗಿತ್ತು, ನಂದೇನೂ ತಪ್ಪಿಲ್ಲ ಅಂತ. ಈಗ ಬಂದು, ಬದುಕಿತ್ತು ಅಂತೀಯ. ಅಂದ್ರೆ ಬಡೀತಿದ್ದ ಎದೆ ಮೇಲಿಂದ ಈ ಕೈಯನ್ನ ನಾನೇ ತೆಗೆದೆ. ನಿಂಗೆ ಹೊಟ್ಟೇಲಿ ಇಟ್ಕೊಳೋಕೆ ಆಗ್ಲಿಲ್ಲ, ತಂದು ನನ್ ಮಡಿಲಿಗೆ ಹಾಕಿದೆ. ಹೋಗು, ಇನ್ ನೀನು ಚೆನ್ನಾಗಿ ನಿದ್ದೆ ಮಾಡ್ತೀಯ."

ಸಾಂತಾ ಏಳಲಿಲ್ಲ. ಆಗ ಅಜ್ಜಿ ಅಳತೊಡಗಿದಳು. ನಾಲ್ಕು ವರ್ಷ ಕಟ್ಟಿಕೊಂಡಿದ್ದ ಅಳು ಅಂಗಳ ದಾಟಿ ಬೀದಿಗೆ ಕೇಳಿಸಿತು. ಪಕ್ಕದ ಮನೆಯವಳು ಹಿಟ್ಟಿನ ಕೈಯಲ್ಲೇ ಓಡಿಬಂದು ಅವಳ ಬಾಯಿ ಮುಚ್ಚಿದಳು.

"ಅಳ್ಬೇಡಜ್ಜಿ, ಸಿಡಿಲಿನ ಮಗೂಗೆ ಅಳ್ಬಾರ್ದು! ಊರ್ ಮೇಲೆ ಮತ್ತೆ ಬೀಳುತ್ತೆ!"

"ಬೀಳ್ಲಿ" ಎಂದು ಸಾಂತಾ ಆ ಕೈಯನ್ನು ಕಿತ್ತು ಬದಿಗೆ ತಳ್ಳಿದಳು. "ಅಳ್ಲಿ ಬಿಡು."

ಅಜ್ಜಿಯ ಬಲಗೈ ಕಡಲೆ ಸಿಪ್ಪೆಯ ಮೇಲೆ ಅಂಗಾತ ಬಿದ್ದಿತ್ತು. ಸಾಂತಾ ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಈಗ ಅದು ನಿಜವಾಗಿಯೂ ನಡುಗುತ್ತಿತ್ತು.