ಕಾಲು ಹಿಡಿದವರು

“ನೀವು ಮನೆಗೆ ಹೋಗಿ, ಇಲ್ಲಿ ಕೂತು ಏನ್ ಮಾಡ್ತೀರ?” ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಹೇಳಿದ ಕೊನೆ ಮಾತು ಅದು.

ಹನ್ನೊಂದನೇ ದಿನ ಆರ್.ಟಿ. ನಗರದ ಬಾಮೈದನ ಮನೆಯಲ್ಲಿ ತಿಥಿ ಮಾಡಿದ್ರು. ದುಃಖದಲ್ಲಿ ಇರೋನಿಗೆ ಹೋಳಿಗೆ ಜಾಸ್ತಿ ಬಡಿಸಬೇಕಂತೆ. ಆರು ಬಡಿಸಿದ್ರು. ರಾತ್ರಿ ಅಲ್ಲೇ ಮಲಗಿದೆ. ಬೆಳಿಗ್ಗೆ ನೋಡಿದ್ರೆ ಎರಡು ಕಾಲೂ ಅಲುಗಲಿಲ್ಲ.

“ಭಾವ, ಅಕ್ಕ ಕಾಲು ಹಿಡ್ಕೊಂಡವ್ಳೆ, ನಿಮ್ಮನ್ನ ಕರೀತಾವ್ಳೆ” ಅಂದ ಬಾಮೈದ.

ಮನೆಗೆ ಹೋಗಿ ಅಂದವಳು ಇಷ್ಟು ಬೇಗ ಮನಸ್ಸು ಬದಲಾಯಿಸಿದಳಾ! ತಾಯತ ಕಟ್ಟಿದ್ರು, ಶಕ್ತಿ ಬರಲಿ ಅಂತ ಪಾಯಸ ಕುಡಿಸಿದ್ರು. ಕೈಯೂ ಸೋತಿತು. ಆಗ ಎಲ್ಲರಿಗೂ ಆಸ್ಪತ್ರೆ ನೆನಪಾಯ್ತು.

ಡಾಕ್ಟ್ರಮ್ಮ ರಕ್ತ ಪರೀಕ್ಷೆ ಮಾಡಿಸಿದ್ರು. “ಪೊಟ್ಯಾಸಿಯಂ ಇಳಿದುಹೋಗಿದೆ. ಥೈರಾಯ್ಡ್ ಜಾಸ್ತಿ ಇದ್ದು, ಸಿಹಿ ಹೊಟ್ಟೆ ಬಿರಿಯ ತಿಂದ್ರೆ ಹಿಂಗಾಗುತ್ತೆ.” ಪೊಟ್ಯಾಸಿಯಂ ಕೊಟ್ಟು, ಎದೆ ಬಡಿತ ಇಳಿಸೋ ಬೀಟಾ ಬ್ಲಾಕರ್ ಮಾತ್ರೆ ಬರೆದ್ರು.

“ಕಾಲಿಗೆ ಎದೆ ಮಾತ್ರೆ ಯಾಕಮ್ಮಾ?”

“ಥೈರಾಯ್ಡ್ ಹತೋಟಿಗೆ ಬರೋವರೆಗೂ ಕಾಲು ಮತ್ತೆ ಸೋಲದ ಹಾಗೆ ಅದು ತಡೆಯುತ್ತೆ ಕಣಪ್ಪ.”

ಸಂಜೆಗೆ ಎದ್ದು ನಡೆದೆ. ಬಾಮೈದನಿಗೆ ಸ್ವಲ್ಪ ಬೇಜಾರೇ ಆಯ್ತು.

ಮಾರನೇ ದಿನ ಬೆಳಿಗ್ಗೆ ಎಚ್ಚರ ಆದ್ಮೇಲೂ ಕಾಲು ಅಲುಗಿಸದೆ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ಹಿಡಿದಿದ್ರೂ ಹಿಡಿದಿರಬಹುದು ಅಂತ. ಯಾರೂ ಹಿಡಿದಿರಲಿಲ್ಲ. ಎದ್ದು ಮಾತ್ರೆ ನುಂಗಿದೆ.