ಶೆರಿಲ್ ಹತ್ತಿದ ಗುಡ್ಡೆ

ಆಗೆಲ್ಲ ದುಬೈಯ ದೇರಾದಲ್ಲಿ ಒಂದು ಫ್ಲ್ಯಾಟಿಗೆ ಒಂದೇ ಕುಟುಂಬ ಎಂದರೆ ಅವರು ದೊಡ್ಡ ಕುಳ ಎಂದೇ ಲೆಕ್ಕ. ನಮ್ಮಂಥವರದ್ದು ಶೇರಿಂಗ್. ಒಂದು ಕೋಣೆ ನಮಗೆ, ಇನ್ನೊಂದು ಕೋಣೆ ಶೆರಿಲ್ ಮನೆಯವರಿಗೆ, ಇಬ್ಬರಿಗೂ ಸೇರಿ ಒಂದೇ ಅಡುಗೆಮನೆ. ನಾವು ನಮ್ಮ ಕೋಣೆಯಲ್ಲಿ ತುಳು, ಅವರು ಅವರ ಕೋಣೆಯಲ್ಲಿ ಕೊಂಕಣಿ. ಅಡುಗೆಮನೆಗೆ ಬಂದರೆ ಎಲ್ಲರದ್ದೂ ಕನ್ನಡ. ನಮ್ಮ ಗೋಳಿಬಜೆಯ ಎಣ್ಣೆವಾಸನೆಯೂ ಅವರ ಬಾಫತ್ ಮಸಾಲೆಯ ಘಾಟೂ ಅಲ್ಲಿ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಶೆರಿಲ್ ಮತ್ತು ನಾನು ಒಂದೇ ಕ್ಲಾಸು, ಒಂದೇ ಬಸ್ಸು. ಜಗಳ ಆಡಿದರೂ ತಪ್ಪಿಸಿಕೊಂಡು ಹೋಗಲು ಬೇರೆ ಜಾಗ ಇರಲಿಲ್ಲ.

ಜುಲೈ ಬಂತೆಂದರೆ ಕಟ್ಟಡದ ಅರ್ಧ ಜನ ಊರಿಗೆ ಹೊರಡುತ್ತಿದ್ದರು. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಸ್ನಾನದಕೋಣೆಯ ತೂಕದ ಯಂತ್ರದ ಮೇಲಿಟ್ಟು ಹತ್ತು ಸಲ ನೋಡುವ ಕಾಲ ಅದು. ಆ ವರ್ಷ ಅಪ್ಪನಿಗೆ ಜೆಬೆಲ್ ಅಲಿಯ ಕಂಪೆನಿಯವರು ರಜೆ ಕೊಡಲಿಲ್ಲ. ನಾವು ಉಳಿದೆವು. ಶೆರಿಲ್ ಮನೆಯವರು ಹೊರಟರು, ಊರಿಗಲ್ಲ, ಇಂಗ್ಲೆಂಡಿಗೆ! ಅವಳ ದೊಡ್ಡಮ್ಮ ಅಲ್ಲಿ ನರ್ಸು. ಆ ಬಿಸಿಲಿನಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಎಸಿಯಿಂದ ಬಕೆಟಿಗೆ ತೊಟ್ಟಿಕ್ಕುವ ನೀರು ನೋಡುತ್ತಾ ನಾನು ರಜೆ ಕಳೆದೆ. ಅಮ್ಮ ಮತ್ತು ನಾನು ಇಬ್ಬರೇ. ನಿಜ ಹೇಳಬೇಕೆಂದರೆ ನನಗೆ ಅದು ಹಿಡಿಸಿತ್ತು. ಅಡುಗೆಮನೆ ಇಡೀ ನಮ್ಮದು, ಅಮ್ಮ ಇಡೀ ನನ್ನವಳು.

ಶಾಲೆ ಶುರುವಾಗುವ ಮುಂಚೆ ಶೆರಿಲ್ ಬಂದಳು. ಕೆನ್ನೆ ಕೆಂಪು, ಕಾಲಲ್ಲಿ ಗಟ್ಟಿ ಅಡಿಯ ಬೂಟು. ಅದರ ಸಂದಿಯಲ್ಲಿ ಒಣಗಿದ ಕೆಸರು ಇನ್ನೂ ಇತ್ತು.

"ಎಂತ ನೋಡಿದಿ ಅಲ್ಲಿ? ರಾಣಿಯ ಅರಮನೆಯಾ?" ಅಮ್ಮ ಕೇಳಿದಳು.

"ಇಲ್ಲ ಆಂಟಿ. ಗುಡ್ಡೆ ಹತ್ತಿದ್ದು. ಡೈಲಿ."

"ಗುಡ್ಡೆಯಾ? ಯಾಕೆ?"

"ವ್ಯೂ ನೋಡ್ಲಿಕ್ಕೆ."

ಅಮ್ಮ ದೋಸೆ ಮಗುಚುವುದನ್ನೇ ಬಿಟ್ಟು ನಕ್ಕಳು. "ನೋಡ್ಲಿಕ್ಕೆ ಯಾರಾದ್ರೂ ಗುಡ್ಡೆ ಹತ್ತುತ್ತಾರಾ ಮಾರಾಯ್ತಿ? ನಾವು ಹತ್ತಿದ್ದು ಸೊಪ್ಪಿಗೆ, ಕಟ್ಟಿಗೆಗೆ. ಅವರಿಗೆ ಬೇರೆ ಕೆಲಸ ಇಲ್ವಾ?"

ಆ ನಗು ಕೇಳಿ ನನಗೆ ಖುಷಿಯೋ ಖುಷಿ. ಶೆರಿಲ್‌ಗೆ ಸರಿಯಾಗಿ ಆಯಿತು ಅಂದುಕೊಂಡೆ. ಆದರೆ ಮರುದಿನ ಸಂಜೆ ಅಮ್ಮ ತಾನಾಗಿಯೇ ಕೇಳಿದಳು: "ಶೆರಿಲ್, ಆ ಗುಡ್ಡೆಯಲ್ಲಿ ಮುಳ್ಳು ಉಂಟಾ? ಹಾವು?"

ಅಲ್ಲಿಗೆ ಶುರುವಾಯಿತು. ಶೆರಿಲ್‌ಳ ಅಮ್ಮನಿಗೆ ಆಸ್ಪತ್ರೆಯಲ್ಲಿ ಸಂಜೆಯ ಡ್ಯೂಟಿ, ಆದ್ದರಿಂದ ಅವಳಿಗೆ ಚಾ ತಿಂಡಿ ನಮ್ಮಲ್ಲೇ. ಅವಳು ಅಡುಗೆಮನೆಯ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ಹೇಳುತ್ತಿದ್ದಳು, ಅಮ್ಮ ಸೌಟು ಹಿಡಿದು ಕೇಳುತ್ತಿದ್ದಳು. ಮರದ ಗೇಟನ್ನು ತೆರೆದವರೇ ಮುಚ್ಚಬೇಕಂತೆ. ಕುರಿಗಳ ಬೆನ್ನಿಗೆ ನೀಲಿ ಬಣ್ಣ ಬಳಿದಿರುತ್ತಾರಂತೆ. ಸಿಮೆಂಟೇ ಇಲ್ಲದ ಕಲ್ಲುಗೋಡೆ ಗುಡ್ಡೆಯ ನೆತ್ತಿಯವರೆಗೂ ಹೋಗುತ್ತದಂತೆ, ಅದರಾಚೆ ಒಂದು ಸಣ್ಣ ನೀರಿನ ತೋಡಂತೆ. ದಾರಿಯಲ್ಲಿ ಎದುರಾದವರೆಲ್ಲ ಗುರುತಿಲ್ಲದಿದ್ದರೂ "ಹಲೋ" ಅನ್ನುತ್ತಾರಂತೆ. ನೆತ್ತಿಯಲ್ಲಿ ಗಾಳಿ ನಮ್ಮನ್ನು ಹಿಂದಕ್ಕೆ ತಳ್ಳುತ್ತದಂತೆ, ಅಲ್ಲಿ ಕೂತು ಫ್ಲಾಸ್ಕಿನ ಚಾ ಕುಡಿಯುವುದಂತೆ.

"ಗುರುತಿಲ್ಲದವರೂ?" ಅಮ್ಮನ ಬಾಯಿ ತೆರೆದೇ ಇತ್ತು. ಮೂರು ವರ್ಷ ಒಂದೇ ಲಿಫ್ಟಿನಲ್ಲಿ ಹೋಗಿ ಬಂದರೂ ಪಕ್ಕದ ಫ್ಲ್ಯಾಟಿನವರು ನಮ್ಮತ್ತ ನೋಡಿದ್ದಿಲ್ಲ.

ಆಮೇಲೆ ಅಮ್ಮ ತನ್ನ ಕಥೆ ತೆಗೆದಳು. ತಾನು ಚಿಕ್ಕವಳಿದ್ದಾಗ ಮನೆಯ ಹಿಂದಿನ ಗುಡ್ಡೆಯಲ್ಲಿ ತರಗೆಲೆ ಗುಡಿಸಿದ್ದು, ಕಟ್ಟಿಗೆಯ ಹೊರೆಯೊಂದಿಗೆ ಜಾರಿ ಬಿದ್ದು ಅಜ್ಜಿಯ ಹತ್ತಿರ ಬೈಗುಳ ತಿಂದದ್ದು, ಕೇಪಳ ಹಣ್ಣು ತಿಂದು ನಾಲಗೆ ಕೆಂಪಾದದ್ದು. ಇದನ್ನೆಲ್ಲ ನನಗೆ ಒಂದು ದಿನವೂ ಹೇಳಿದ್ದಿಲ್ಲ. ಹೇಳಿದ್ದು ಶೆರಿಲ್‌ಗೆ! ನಾನು ಬಾಗಿಲಲ್ಲಿ ನಿಂತವಳು ಉರಿದುಹೋದೆ. ಅವಳು ಇಂಗ್ಲೆಂಡು ನೋಡಿಕೊಂಡು ಬಂದಳು, ಸರಿ, ಇರಲಿ. ನನ್ನ ಅಮ್ಮನ ಗುಡ್ಡೆಯೂ ಅವಳಿಗೇ ಬೇಕಾ?

"ಅಮ್ಮ, ಇವತ್ತು ಶಾಲೆಯಲ್ಲಿ ಏನಾಯ್ತು ಗೊತ್ತುಂಟಾ?" ಅಂದೆ.

"ಮತ್ತೆ ಹೇಳು ಮಗಾ. ಮೊದಲು ಹಾಲು ಕುಡಿ."

ಆಟದಲ್ಲೂ ಅದೇ ಗೋಳು. ಶೆರಿಲ್ ನಮ್ಮ ಕಟ್ಟಡದ ಮೆಟ್ಟಿಲನ್ನು ಗುಡ್ಡೆ ಮಾಡಿದ್ದಳು. ಟೆರೇಸಿನವರೆಗೆ ಹತ್ತಬೇಕು, ಸಿಕ್ಕಿದವರಿಗೆಲ್ಲ ಹಲೋ ಹೇಳಬೇಕು. ಅವಳು ಲೀಡರ್, ನಾನು ಕುರಿ. "ನೀನು ಹೋಗಿಲ್ಲ ಅಲ್ವಾ, ಯು ಡೋಂಟ್ ನೋ ದ ವೇ" ಅನ್ನುತ್ತಿದ್ದಳು. ನನ್ನದೇ ಕಟ್ಟಡದ ಮೆಟ್ಟಿಲಿಗೆ ನನಗೆ ದಾರಿ ಗೊತ್ತಿಲ್ಲವಂತೆ!

ಅಪ್ಪನನ್ನು ಹಿಡಿದೆ. ಕಂಪೆನಿ ಬಸ್ಸು ಇಳಿದು ಬಂದು ಶೂ ಬಿಚ್ಚುವ ಮೊದಲೇ, "ನಮಗೂ ಗುಡ್ಡೆ ಹತ್ತಬೇಕು. ನಾವು ಮೂರೇ ಜನ" ಎಂದು ಗಂಟುಬಿದ್ದೆ.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಮಗಾ. ಬಿಡು" ಎಂದರು ಅಪ್ಪ. ಆ ಗಾದೆ ನನಗೆ ಎಂತಕ್ಕೆ? ಶೆರಿಲ್ ಹತ್ತಿರ ಹೋಗಿ ನೋಡಿ, ನುಣ್ಣಗೇ ಉಂಟು ಎಂದು ಬಂದು ಹೇಳಿದ್ದಳಲ್ಲ.

ಅತ್ತು ಕರೆದು ಕೊನೆಗೂ ಗೆದ್ದೆ. ಚಳಿಗಾಲದ ಒಂದು ಶುಕ್ರವಾರ ಹತ್ತಾ ಎಂಬ ಗುಡ್ಡೆಗಳ ಊರಿನ ಕಡೆಗೆ ಹೋಗುವುದೆಂದಾಯಿತು. ಆದರೆ ನಮ್ಮಲ್ಲಿ ಕಾರು ಎಲ್ಲಿತ್ತು? ಕಾರು ಶೆರಿಲ್‌ಳ ಅಪ್ಪನದ್ದು. ಕಾರು ಬಂದ ಮೇಲೆ ಶೆರಿಲ್ ಬಾರದೆ ಇರುತ್ತಾಳಾ? ಬೂಟು ಹಾಕಿಕೊಂಡು ನನಗಿಂತ ಮೊದಲೇ ಹತ್ತಿ ಕಿಟಕಿ ಹಿಡಿದು ಕೂತಿದ್ದಳು.

ಅದು ಹಸಿರೇ ಇಲ್ಲದ, ಸುಟ್ಟ ಇಟ್ಟಿಗೆಯ ಬಣ್ಣದ ಗುಡ್ಡೆ. ನಾನು ಎಲ್ಲರಿಗಿಂತ ಮುಂದೆ ಓಡಿದೆ. ಅಮ್ಮ ನನ್ನನ್ನು ನೋಡಲಿ, ಇವಳೂ ಹತ್ತುತ್ತಾಳೆ ಎಂದು ಗೊತ್ತಾಗಲಿ ಎಂಬುದಷ್ಟೇ ನನ್ನ ಆಸೆ. ಸ್ವಲ್ಪ ಮೇಲೆ ಹೋಗಿ ತಿರುಗಿ ನೋಡಿದರೆ ಅಮ್ಮನ ಕಣ್ಣು ನೆಲದ ಮೇಲೆ. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ಮುಳ್ಳುಗಿಡದ ಬುಡದಲ್ಲಿ ಬಿದ್ದ ಒಣಕಡ್ಡಿಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ಹೆಕ್ಕಿ, ಮೊಣಕಾಲಿಗೆ ಕೊಟ್ಟು ಮುರಿದು, ಕಂಕುಳಿಗೆ ಸೇರಿಸುತ್ತಿದ್ದಳು. ಕ್ಯಾಮೆರಾ ಹಿಡಿದು ಹತ್ತುತ್ತಿದ್ದ ಬಿಳಿಯರಿಬ್ಬರು ನಿಂತು ನೋಡಿದರು.

"ಎಂತ ಮಾಡ್ತಿದ್ದಿ ನೀನು?" ಅಪ್ಪ ಗಾಬರಿಯಾದರು. "ದೇರಾದಲ್ಲಿ ಒಲೆ ಉಂಟಾ?"

ಅಮ್ಮ ಕಂಕುಳಲ್ಲಿದ್ದ ಕಡ್ಡಿಗಳನ್ನು ನೋಡಿಕೊಂಡು, "ಅಯ್ಯೋ ದೇವ್ರೇ! ಗೊತ್ತೇ ಆಗ್ಲಿಲ್ಲ ಮಾರಾಯ್ರೇ. ಗುಡ್ಡೆ ಹತ್ತಿದ್ದಲ್ವಾ, ಕೈ ತನ್ನಷ್ಟಕ್ಕೇ ಹೋಯ್ತು" ಎಂದು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಾನು ಮೇಲಿನಿಂದ ಕೂಗಿದೆ, "ಅಮ್ಮಾ, ಇಲ್ಲಿ ನೋಡು, ನಾನು ಎಷ್ಟು ಮೇಲೆ ಬಂದೆ!"

ಅಮ್ಮ ನೋಡಲಿಲ್ಲ. ಯಾಕೆಂದರೆ ಆಗ ಶೆರಿಲ್ ಕಲ್ಲಿನ ಮೇಲೆ ಕೂತು ತನ್ನ ಬೂಟಿನ ಲೇಸು ಎಳೆಯುತ್ತಿದ್ದಳು. "ಕಟ್ಲಿಕ್ಕೆ ಬೇಡ್ವಾ ಆಂಟಿ?" ಎಂದು ಅದನ್ನು ಚಾಚಿದಳು. ಅಮ್ಮ ಆ ಇಂಗ್ಲೆಂಡಿನ ಲೇಸಿನಿಂದ ಕಡ್ಡಿಗಳಿಗೆ ಎರಡು ಸುತ್ತು ಹಾಕಿ, ಹೇಗೆ ಗಂಟು ಬಿಗಿಯುವುದೆಂದು ಅವಳಿಗೆ ತೋರಿಸಿದಳು. ಇಬ್ಬರ ತಲೆಯೂ ಆ ಹೊರೆಯ ಮೇಲೆ ಬಗ್ಗಿತ್ತು. ನನ್ನ ಕಾಲಲ್ಲಿ ಇದ್ದದ್ದು ಪಟ್ಟಿ ಅಂಟಿಸುವ ಸ್ಯಾಂಡಲ್ಸ್. ಕೊಡಲು ನನ್ನಲ್ಲಿ ಲೇಸೂ ಇರಲಿಲ್ಲ. ನಾನು ಅಲ್ಲೇ ಕೂತು ಅತ್ತೆ. ಬಿದ್ದು ಪೆಟ್ಟಾಯಿತೆಂದು ತಿಳಿದು ಅಪ್ಪ ಓಡಿಬಂದರು. ಹೌದು, ಬಿದ್ದೆ ಎಂದೆ.

"ಯಲ್ಲಾ ಯಲ್ಲಾ, ಖಲಾಸ್, ಬಿರಿಯಾನಿ ತಣ್ಣಗಾಗ್ತದೆ" ಎಂದು ಶೆರಿಲ್‌ಳ ಅಪ್ಪ ಕೆಳಗಿನಿಂದ ಅರಬ್ಬಿ ಬೆರೆಸಿ ಅವಸರ ಮಾಡಿದರು. ಹೊರೆಯನ್ನು ಅಮ್ಮ ದಾರಿಬದಿಯಲ್ಲಿ ಯಾರಿಗಾದರೂ ಸಿಗಲಿ ಎಂದು ಇಟ್ಟುಬಂದಳು. ಶೆರಿಲ್ ಒಂದು ಬೂಟಿಗೆ ಲೇಸಿಲ್ಲದೆ ಟಪಟಪ ಸದ್ದು ಮಾಡುತ್ತಾ ಇಳಿದಳು. ಅಮ್ಮ ಅವಳ ಕೈ ಹಿಡಿದಿದ್ದಳು. ಜಾರಬಾರದಲ್ಲ.

ಈಗ ನಾವು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ. ಫ್ಲ್ಯಾಟು ಪೂರ್ತಿ ನಮ್ಮದು, ಅಡುಗೆಮನೆಯೂ ನಮ್ಮದು. ನನಗೂ ಇಲ್ಲೇ ಕೆಲಸ. ಶೆರಿಲ್ ಮನೆಯವರು ಕೆನಡಾಕ್ಕೆ ಹೋಗಿ ಎಷ್ಟೋ ವರ್ಷಗಳಾದವು. ಬರ್ತ್‌ಡೇಗೆ ಒಂದು ಮೆಸೇಜು, ಅಷ್ಟೇ. ಅಮ್ಮನಿಗೆ ಮೊಣಕಾಲು ನೋವು, ಲಿಫ್ಟು ಕೆಟ್ಟ ದಿನ ಕೆಳಗೆ ಇಳಿಯುವುದಿಲ್ಲ. ಸೌಟು ಹಿಡಿದುಕೊಂಡು ಫೋನಿನಲ್ಲಿ ಏನಾದರೂ ನೋಡುತ್ತಿರುತ್ತಾಳೆ. ಆ ಸ್ಟೂಲಿನಲ್ಲಿ ಕೂತು ಹೇಳುವವರೂ ಇಲ್ಲ, ಬಾಗಿಲಲ್ಲಿ ನಿಂತು ಉರಿಯುವವರೂ ಇಲ್ಲ. ಹೊಟ್ಟೆಕಿಚ್ಚು ಪಡಲಿಕ್ಕೂ ಮನೆಯಲ್ಲಿ ಇನ್ನೊಬ್ಬರು ಬೇಕು ನೋಡಿ.

ಮೊನ್ನೆ ಅಪ್ಪನ ಸ್ನೇಹಿತರ ಹೆಂಡತಿ ಬಂದಿದ್ದರು. ಬೇಸಿಗೆಗೆ ಇಂಗ್ಲೆಂಡಿಗೆ ಹೋಗುತ್ತೇವೆ ಎಂದರು. ಅಮ್ಮ ಫೋನು ಕೆಳಗಿಟ್ಟಳು.

"ಅರಮನೆ ಗಿರಮನೆ ಬಿಡಿ. ಗುಡ್ಡೆ ಹತ್ತದೆ ಮಾತ್ರ ಬರಬೇಡಿ ಮಾರಾಯ್ರೇ."

"ಹೌದಾ? ನೀವು ಹೋಗಿದ್ರಾ?"

"ನಾನೆಲ್ಲಿ! ನಮ್ಮ ಹುಡುಗಿ ಹೋಗಿದ್ಲು."

ಅವರು ನನ್ನತ್ತ ತಿರುಗಿ, "ಹೇಗುಂಟು ಅಲ್ಲಿ?" ಎಂದು ಕೇಳಿದರು. ನಾನು ಅಮ್ಮನನ್ನು ನೋಡಿದೆ. ಅಲ್ಲ ಇವಳಲ್ಲ, ಶೆರಿಲ್ ಅಂತ ಇನ್ನೊಬ್ಬಳು ಎಂದು ಈಗ ಹೇಳುತ್ತಾಳೆ ಎಂದು ಕಾದೆ. ಆದರೆ ಅವಳೂ ನನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದಳು.

ನಾನು ಹೇಳತೊಡಗಿದೆ. ಮೊದಲು ಒಂದು ಮರದ ಗೇಟು ಬರುತ್ತದೆ, ತೆರೆದವರೇ ಮುಚ್ಚಬೇಕು, ಅದನ್ನು ದಾಟಿದರೆ ಒಂದು ಸಣ್ಣ ತೋಡು...

"ಅಲ್ಲ ಮಗಾ" ಅಮ್ಮ ತಡೆದಳು. "ಕಲ್ಲಿನ ಗೋಡೆ ಮೊದಲು. ತೋಡು ಆಮೇಲೆ."

ನಾನು ಸರಿ ಎಂದು ಮತ್ತೆ ಗೇಟಿನಿಂದ ಶುರುಮಾಡಿದೆ.