ಅಕ್ಕನ ಮಗ್ಗ, ನನ್ನ ಜನರೇಟರು

ಹಿತ್ತಲಲ್ಲಿ ಈಗ ಜನರೇಟರಿಲ್ಲ. ಅದಕ್ಕೆಂದು ಹಾಕಿದ ಚಪ್ಪರ ಮಾತ್ರ ನಿಂತಿದೆ. ಮೇಲೆ ತಗಡು, ಕೆಳಗೆ ಸೌದೆ, ನಾಲ್ಕು ಮೂಲೆಗೆ ನಾಲ್ಕು ಕಂಬ. ಮಳೆ ಬಂದು ತಗಡು ಸದ್ದು ಮಾಡಿದಾಗಲೆಲ್ಲ ಆ ಕಂಬಗಳು ನೆನಪಾಗುತ್ತವೆ. ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತು ಅವುಗಳ ಜೊತೆಗೇ ಇದೆ. ನನಗೂ ವಯಸ್ಸಾಯಿತು. ಬರೆದಿಡುತ್ತೇನೆ.

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಮನೆಗೊಂದು ಮಗ್ಗವಾದರೂ ಇತ್ತು. ನಮ್ಮಲ್ಲಿ ಮೂರಿದ್ದವು: ನನ್ನದು, ಹೆಂಡತಿಯದು, ಅಕ್ಕನದು. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಪ್ಪನ ಮಗ್ಗಕ್ಕೆ ಕೂತಳು. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಹಳೆಯ ಮಗ್ಗ ಅದು. ನಾನು ಹೈಸ್ಕೂಲು ಮುಗಿಸಿದ್ದು ಅವಳು ನೇಯ್ದ ಸೀರೆಗಳಿಂದಲೇ.

ಆ ವರ್ಷಗಳಲ್ಲಿ ಬೆಳಗ್ಗೆ ಎರಡು ತಾಸು, ಮಧ್ಯಾಹ್ನ ಎರಡು ತಾಸು ಕರೆಂಟು ತೆಗೆಯುತ್ತಿದ್ದರು. ಹಿಟ್ಟಿನ ಗಿರಣಿ ನಿಲ್ಲುತ್ತಿತ್ತು, ಟೀವಿಗಳು ಬಾಯಿ ಮುಚ್ಚುತ್ತಿದ್ದವು. ಬೀದಿಗೇ ಕಿವಿ ಬಂದಂತಾಗುತ್ತಿತ್ತು. ಆಗ ಕೇಳಬೇಕು ಮಗ್ಗಗಳನ್ನು! ನಾಲ್ಕನೇ ಮನೆಯ ಲಾಳಿ ಓಡುವುದೂ ಕೇಳುತ್ತಿತ್ತು. ನಡುಮನೆ ಕತ್ತಲಾದರೆ ನಾನೂ ಹೆಂಡತಿಯೂ ಎದ್ದು ಜಗಲಿಗೆ ಬರುತ್ತಿದ್ದೆವು. ಅಕ್ಕ ಏಳುತ್ತಿರಲಿಲ್ಲ. ಬೆಳಕಿಂಡಿಯಿಂದ ಬೀಳುವ ಅಂಗೈಯಗಲ ಬೆಳಕಿನಲ್ಲಿ ನೇಯುತ್ತಲೇ ಇರುತ್ತಿದ್ದಳು. ಆಗಲೇ ಅವಳ ಕಣ್ಣಿಗೆ ಪೊರೆ ಬರುತ್ತಿತ್ತು.

"ಎದ್ದು ಬಾರಕ್ಕ, ಕಣ್ಣು ಹಾಳಾಗ್ತಾವೆ," ಎಂದರೆ, "ನೀವು ಜಗಲಿ ಮ್ಯಾಲೆ ಕುಂತು ಊರ ಸುದ್ದಿ ನೇಯ್ರಿ, ನಾನು ಸೀರೆ ನೇಯ್ತೀನಿ," ಅನ್ನುವಳು.

ಅವಳಿಗಾಗಿಯೇ ಎಂದು ಹೇಳಿಕೊಂಡು ನಾನು ಚಳ್ಳಕೆರೆಗೆ ಹೋಗಿ ಒಂದು ಸಣ್ಣ ಜನರೇಟರು ತಂದೆ. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಯಂತ್ರ. ಬೀದಿಯಲ್ಲಿ ಮತ್ತೊಂದಿರಲಿಲ್ಲ. ಹಿತ್ತಲಲ್ಲಿ, ಅಕ್ಕನ ಮಗ್ಗದ ಹಿಂದಿನ ಗೋಡೆಗೆ ಆನಿಸಿ ಇಟ್ಟು ಹಗ್ಗ ಎಳೆದೆ. ಡುಗುಡುಗು ಎಂದು ಗೋಡೆಯೇ ನಡುಗಿತು. ಮೂರೂ ಮಗ್ಗದ ಮೇಲೆ ಟ್ಯೂಬ್‌ಲೈಟು ಹತ್ತಿತು. ಎದುರುಮನೆಯ ಮುದುಕ ಬಂದು ಇಣುಕಿ, "ಏಮಪ್ಪಾ, ಚಳ್ಳಕೆರೆ ಎಣ್ಣೆ ಮಿಲ್ಲನ್ನ ಹೊತ್ಕೊಂಡೇ ಬಂದ್ಯಾ?" ಎಂದ. ನನಗೆ ಎದೆಯುಬ್ಬಿತು.

ಅಕ್ಕ ಲಾಳಿ ಕೆಳಗಿಟ್ಟು ಕೂಗಿದಳು: "ಆರಿಸಲೇ ತಮ್ಮ ಅದನ್ನ! ಕತ್ತಲೇ ಚೆಂದಿತ್ತು!"

ನಾವೆಲ್ಲ ನಕ್ಕೆವು. ಬೆಳಕು ಬೇಡ, ಕತ್ತಲು ಬೇಕು ಅನ್ನುವ ನೇಕಾರಳನ್ನು ಯಾರು ಕಂಡಿದ್ದರು? ಮುದುಕ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ಅವಳು ಇನ್ನೂ ಎರಡು ಸಲ ಹೇಳಿ ಸುಮ್ಮನಾದಳು.

ತಿಂಗಳೊಪ್ಪತ್ತಿನಲ್ಲಿ ಅವಳ ಸೀರೆಯೊಂದನ್ನು ಮಗ್ಗದಿಂದ ಇಳಿಸಿ ಮಡಿಸುತ್ತಿದ್ದೆ. ಒಡಲಿನಲ್ಲಿ ಗೇಣುದ್ದ ಗೀರು ಬಿದ್ದಿತ್ತು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಕಡಿದುಹೋದದ್ದು ತಿಳಿಯದೆ ಹಾಗೇ ನೇಯ್ದುಬಿಟ್ಟಿದ್ದಳು. ಅಂಥದ್ದು ಅವಳ ಕೈಯಲ್ಲಿ ಎಂದೂ ಆಗಿರಲಿಲ್ಲ. ಸೀರೆಯನ್ನು ಜಗಲಿಗೆ ತಂದು, ನಾಲ್ಕು ಜನರ ಮುಂದೆ ಬಿಚ್ಚಿ ಹಿಡಿದು, "ದೀಪ ಹಾಕಿ ಕೊಟ್ರೂ ಕಾಣಲ್ವಾ ಕುರುಡೀ?" ಎಂದೆ.

ಒಳಗೆ ಮುಂದಿನ ಸೀರೆಗೆ ಕೂತಿದ್ದ ಅವಳ ಮಗ್ಗ ನಿಂತಿತು. ಗುಣಿಯ ಅಂಚಿಗೆ ಕೈಯೂರಿ ಮೇಲೆ ಬಂದಳು, ಕಾಲಿನ ಧೂಳು ಕೊಡವಿಕೊಂಡಳು, ಅಡುಗೆಮನೆಗೆ ಹೋದಳು. ಮತ್ತೆ ಅದರೊಳಗೆ ಇಳಿಯಲಿಲ್ಲ.

ಇಷ್ಟೇ ಆಗಿದ್ದರೆ ಸಿಟ್ಟಿನಲ್ಲಿ ಆಡಿದ ಮಾತು ಎಂದು ನಾನೇ ನನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೆಳಕಿಂಡಿಯ ಬಿಸಿಲಿತ್ತು, ಹೆಂಡತಿ ನೇಯುತ್ತಲೇ ಇದ್ದಳು. ನಾನು ಹಿತ್ತಲಿಗೆ ಹೊರಟಿದ್ದೆ. ಅಕ್ಕ ಅಡುಗೆಮನೆಯಲ್ಲಿ ಮೊರದ ಮುಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ತಮ್ಮಾ, ನಿನ್ನ ಹೆಂಡ್ತಿಗೆ ನಿಲ್ಸು ಅನ್ನು. ಎಳೆ ಹೋತು. ಬಲಗಡೆ, ಅಂಚಿನ ಹತ್ರ."

ಹೋಗಿ ನೋಡಿದೆ. ಬಲಗಡೆ ಅಂಚಿನ ಹತ್ತಿರ ಒಂದೇ ಒಂದು ಎಳೆ ಕಡಿದು ಪಕ್ಕದ್ದಕ್ಕೆ ಸುತ್ತಿಕೊಂಡಿತ್ತು. ಹೆಂಡತಿ ಕಣ್ಣು ಕಿರಿದು ಮಾಡಿ ಹುಡುಕಿದರೂ ಅವಳಿಗಿನ್ನೂ ಕಂಡಿರಲಿಲ್ಲ.

ಅಲ್ಲೇ ನಿಂತುಬಿಟ್ಟೆ. ಕಣ್ಣಿಗೆ ಪೊರೆ ಬಂದಾಗಿನಿಂದ ಅಕ್ಕ ಕಿವಿಯಿಂದ ನೇಯುತ್ತಿದ್ದಳು. ಎಳೆ ಹೋದರೆ ಲಾಳಿಯ ಓಟದ ಸದ್ದು ಬದಲಾಗುತ್ತದೆ. ಅಷ್ಟು ಸಾಕಿತ್ತು ಅವಳಿಗೆ. ಆ ಕಿವಿಯ ಹಿಂದೆಯೇ ನಾನು ಜನರೇಟರು ತಂದು ಇಟ್ಟಿದ್ದೆ.

ತಪ್ಪಾಯ್ತಕ್ಕ ಎಂದು ಒಂದು ಮಾತು ಹೇಳಿದ್ದರೆ ಅವಳು ಮಗ್ಗಕ್ಕೆ ಬರುತ್ತಿದ್ದಳು. ಯಂತ್ರವನ್ನು ಹಿತ್ತಲ ಆಚೆ ತುದಿಗೆ ಸಾಗಿಸಿದ್ದರೂ ಆಗುತ್ತಿತ್ತು. ಆದರೆ ಊರೆಲ್ಲ ನೋಡಿ ಹೊಗಳಿದ ಯಂತ್ರ. ನಾಲ್ಕು ಜನರ ಮುಂದೆ ಆಡಿದ ಮಾತು. ಸೋಲಲಾರದೆ ಹೋದೆ. ಹಿತ್ತಲಿಗೆ ಹೋಗಿ ಹಗ್ಗ ಎಳೆದೆ. ಡುಗುಡುಗು ಶುರುವಾಯಿತು. ಮತ್ತೆ ಅವಳು ಯಾವ ಎಳೆಯ ಸುದ್ದಿಯನ್ನೂ ಹೇಳಲಿಲ್ಲ.

ಆಮೇಲಿನದು ಇನ್ನೂ ಕೆಟ್ಟದ್ದು. ಮಳೆಗಾಲಕ್ಕೆ ಜನರೇಟರಿಗೆ ನೆರಳು ಬೇಕಾಯಿತು. ಖಾಲಿ ಬಿದ್ದ ಮಗ್ಗವನ್ನು ಬಿಚ್ಚಿ, ಅದರ ಮರವನ್ನೇ ಚಪ್ಪರಕ್ಕೆ ಕಂಬ ಮಾಡಿದೆ. ಗುಣಿಗೆ ಮಣ್ಣು ತುಂಬಿ ಕಡಪ ಕಲ್ಲು ಹಾಸಿದೆ. ಅಕ್ಕ ಆ ಕಲ್ಲಿನ ಮೇಲೆ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು.

ವರ್ಷಗಳು ಕಳೆದವು. ಕರೆಂಟು ಸುಧಾರಿಸಿತು, ಮನೆಗೆ ಇನ್ವರ್ಟರ್ ಬಂತು, ಜನರೇಟರು ಗುಜರಿಗೆ ಹೋಯಿತು. ಅಕ್ಕನಿಗೆ ನಿಜವಾಗಿಯೂ ಕಣ್ಣು ಕಾಣದಾಯಿತು. ಅವಳು ತೀರಿಹೋಗುವ ಮುಂಚಿನ ಬೇಸಿಗೆಯಲ್ಲಿ ಒಂದು ದಿನ ಒದ್ದೆ ಸೀರೆ ಹಿಡಿದು ಹಿತ್ತಲಿಗೆ ಬಂದಳು. ಒಣಹಾಕುವ ಹಗ್ಗ ಹುಡುಕುತ್ತ ಕೈ ಚಪ್ಪರದ ಕಂಬಕ್ಕೆ ತಾಗಿತು. ಅಲ್ಲೇ ನಿಂತು ಸವರಿದಳು. ಮಗ್ಗದ ಹುರಿ ಕಟ್ಟಿ ಕಟ್ಟಿ ಸವೆದ ಕಚ್ಚಿನೊಳಗೆ ಬೆರಳಿಟ್ಟಳು.

"ಅಪ್ಪನ ಮರ ಗಟ್ಟಿ ಕಣಲೇ," ಎಂದಳು. "ಮಳ್ಯಾಗೆ ನಿಂತ್ರೂ ಏನೂ ಆಗಿಲ್ಲ."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಸದ್ದು ಮಾಡಿರಲಿಲ್ಲ. ಆದರೂ ಇದ್ದೇನೆಂದು ಅವಳಿಗೆ ಗೊತ್ತಿತ್ತು. ಬೀದಿಯಲ್ಲಿ ಕರೆಂಟಿರಲಿಲ್ಲ, ಎಲ್ಲಿಂದಲೋ ಒಂದು ಮಗ್ಗ ಕೇಳುತ್ತಿತ್ತು. ಹೇಳುವುದಾದರೆ ಆಗ ಹೇಳಬೇಕಿತ್ತು.

"ಹೂಂ," ಎಂದೆ. ಅವಳ ಕೈಯಿಂದ ಸೀರೆ ಇಸಿದುಕೊಂಡು ಹಗ್ಗದ ಮೇಲೆ ಹರವಿದೆ.